ಕೇಳದೆ ಬಡಿಸಿದ್ದನ್ನು ಉಣ್ಣಬೇಕಿಲ್ಲ

ಆಯುರ್ವೇದದಲ್ಲಿ ಚಿಕಿತ್ಸೆಯ ಮೊದಲ ಹೆಜ್ಜೆ ಔಷಧವಲ್ಲ, ನಿದಾನ ಪರಿವರ್ಜನ. ಎಂದರೆ ರೋಗಕ್ಕೆ ಕಾರಣವಾದುದನ್ನು ದೂರವಿಡುವುದು. ಈ ನಿಯಮವನ್ನು ನಮ್ಮ ಮೇಜಿನ ಮೇಲಿನ ಕಂಪ್ಯೂಟರಿಗೂ ಅನ್ವಯಿಸುವ ಕಾಲ ಬಂದಿದೆ ಎಂಬುದು ನಮ್ಮ ಅಭಿಪ್ರಾಯ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಇಂದು ಕಂಪ್ಯೂಟರ್ ಇಲ್ಲದ ವ್ಯವಹಾರ ವಿರಳ. ಸೀರೆ ವ್ಯಾಪಾರದ ಲೆಕ್ಕ, ಕಬ್ಬಿನ ಬಿಲ್ಲು, ಮಕ್ಕಳ ಅಭ್ಯಾಸ, ದವಾಖಾನೆಯ ರೋಗಿಗಳ ದಾಖಲೆ ಎಲ್ಲವೂ ಅದರೊಳಗೆ ಸೇರಿವೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದುದರಿಂದ ಅನೇಕರು ವಿಂಡೋಸ್ 11ಕ್ಕೆ ಹೋಗಬೇಕಾಗಿದೆ. ಅಲ್ಲಿ ಕೋಪೈಲಟ್ ಎಂಬ ಕೃತಕ ಬುದ್ಧಿಮತ್ತೆಯ ಸಹಾಯಕನು ಕರೆಯದೆಯೇ ಬಂದು ಕುಳಿತಿರುತ್ತಾನೆ. ಚಿಕ್ಕ ಟಿಪ್ಪಣಿ ಬರೆಯುವ ನೋಟ್‌ಪ್ಯಾಡಿನಲ್ಲಿಯೂ ನಮ್ಮ ಬರಹವನ್ನು ತಿದ್ದಿ ಬರೆದುಕೊಡುವ ಗುಂಡಿ ಸೇರಿಕೊಂಡಿದೆ.

ಇವೆಲ್ಲಕ್ಕಿಂತ ಹೆಚ್ಚು ವಿಚಾರಿಸಬೇಕಾದುದು ರೀಕಾಲ್ ಎಂಬ ಸೌಲಭ್ಯ. ಮೈಕ್ರೋಸಾಫ್ಟ್ ಕಂಪನಿ ಇದನ್ನು 2024ರ ಮೇ 20ರಂದು ಪ್ರಕಟಿಸಿತು. ಕೆಲವು ಸೆಕೆಂಡುಗಳಿಗೊಮ್ಮೆ ಪರದೆಯ ಚಿತ್ರ ತೆಗೆದು, ಮುಂದೆ ಹುಡುಕಲು ಅನುವಾಗುವಂತೆ ಆ ಯಂತ್ರದಲ್ಲಿಯೇ ಕೂಡಿಡುವುದು ಇದರ ಕೆಲಸ. ಭದ್ರತಾ ತಜ್ಞರು ಬಲವಾಗಿ ಆಕ್ಷೇಪಿಸಿದ ಬಳಿಕ, ಬಳಸುವವರು ಒಪ್ಪಿದರೆ ಮಾತ್ರ ಇದು ಚಾಲೂ ಆಗುವುದೆಂದು ಜೂನ್ 7ರಂದು ಕಂಪನಿ ಹೇಳಿತು. ಹೆಚ್ಚಿನ ರಕ್ಷಣೆಯನ್ನು ಅಳವಡಿಸಿ 2025ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿತು. ಕೋಪೈಲಟ್ ಪ್ಲಸ್ ವರ್ಗದ ಹೊಸ ಯಂತ್ರಗಳಲ್ಲಿ ಮಾತ್ರ ಇದು ಇರುವುದರಿಂದ ಹಳೆಯ ಯಂತ್ರದವರು ಅಂಜಬೇಕಾಗಿಲ್ಲ.

ಒಪ್ಪಿಗೆ ಕೇಳಿದ ಮೇಲೆ ತಕರಾರೇನು ಎಂದು ಕೆಲವರು ಕೇಳಬಹುದು. ವೈದ್ಯನ ಪರದೆಯ ಮೇಲೆ ಇರುವುದು ವೈದ್ಯನ ಸಂಗತಿಯಲ್ಲ, ರೋಗಿಯದು. ವೈದ್ಯನು 'ಹೂಂ' ಎಂದು ಒತ್ತಿದರೆ ರೋಗಿ ಒಪ್ಪಿದಂತಾಗುವುದಿಲ್ಲ. ಹೆಣ್ಣುಮಗಳೊಬ್ಬಳ ಅಪಸ್ಮಾರದ ಚಿಕಿತ್ಸೆ, ದಂಪತಿಗಳ ಸಂತಾನಹೀನತೆ, ಯುವಕನೊಬ್ಬನ ಮನೋವ್ಯಾಧಿ ಇವು ನಮ್ಮಂಥ ಸಣ್ಣ ಊರುಗಳಲ್ಲಿ ಹೊರಬಿದ್ದರೆ ನಿಶ್ಚಯವಾದ ಸಂಬಂಧಗಳೂ ಮುರಿದಾವು. ಗುಪ್ತಪದ, ಬ್ಯಾಂಕ್ ಕಾರ್ಡಿನ ಸಂಖ್ಯೆಗಳನ್ನು ಸೋಸುವ ವ್ಯವಸ್ಥೆ ರೀಕಾಲ್‌ನಲ್ಲಿದೆ. ಆದರೆ ಕೇಸ್‌ಪೇಪರಿನಲ್ಲಿರುವ ರೋಗದ ಹೆಸರನ್ನೂ ಅದು ಮರೆಮಾಡೀತೆಂದು ನಂಬಿ ಕೂಡಲಾಗದು. ಚರಕಸಂಹಿತೆಯ ವಿಮಾನಸ್ಥಾನದಲ್ಲಿ ವೈದ್ಯವಿದ್ಯಾರ್ಥಿಗೆ ವಿಧಿಸಿರುವ ನಿಯಮಗಳಲ್ಲಿ, ರೋಗಿಯ ಮನೆಯ ವಿಷಯವನ್ನು ಹೊರಗೆ ಆಡಬಾರದೆಂಬುದೂ ಒಂದು. ಯಂತ್ರ ಬಂದಿತೆಂದು ಆ ಧರ್ಮ ಬದಲಾಗದು.

ಖಾಸಗಿತನವು ಶ್ರೀಮಂತರ ಚಿಂತೆಯೆಂದು ಭಾವಿಸುವುದೂ ತಪ್ಪು. ಅದು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಪ್ರಕರಣದ ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಎಂಬುದು ಮುಕ್ತವಾಗಿ, ತಿಳಿದು, ಸ್ಪಷ್ಟವಾಗಿ ಕೊಟ್ಟದ್ದಾಗಿರಬೇಕು ಎನ್ನುತ್ತದೆ.

ಕೃತಕ ಬುದ್ಧಿಮತ್ತೆಯೇ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಕಣ್ಣು ಕಾಣದವರಿಗೆ ಬರಹವನ್ನು ಓದಿ ಹೇಳುವ, ಕೈ ನಡುಗುವ ಹಿರಿಯರ ಮಾತನ್ನು ಅಕ್ಷರಕ್ಕಿಳಿಸುವ ಯಂತ್ರ ಉಪಕಾರಿಯೇ ಸರಿ. ಯುಕ್ತಿಯಿಂದ ಕೊಟ್ಟ ವಿಷವೂ ಔಷಧವಾದೀತು. ಮಾತ್ರೆ ಅರಿಯದೆ ಕೊಟ್ಟ ಔಷಧವೂ ವಿಷವಾದೀತು. ಆದರೆ ಪ್ರಬಂಧ ಬರೆಯಲು ಕಲಿಯಬೇಕಾದ ವಿದ್ಯಾರ್ಥಿಗೆ ಎಲ್ಲವನ್ನೂ ಬರೆದುಕೊಡುವ ಗುಂಡಿ ಪಥ್ಯವಲ್ಲ. ಧೀ, ಧೃತಿ, ಸ್ಮೃತಿಗಳು ಕೆಟ್ಟಾಗ ಪ್ರಜ್ಞಾಪರಾಧ ಉಂಟಾಗುವುದೆಂದು ನಮ್ಮ ಶಾಸ್ತ್ರ ತಿಳಿಸುತ್ತದೆ. ಬಳಸದ ಸ್ನಾಯು ಸೊರಗುವಂತೆ ಬಳಸದ ಸ್ಮೃತಿಯೂ ಸೊರಗುತ್ತದೆ.

ಬೇಡವೆಂದವರು ಮಾಡಬೇಕಾದುದು ಇಷ್ಟೇ. ಸೆಟ್ಟಿಂಗ್ಸ್ ತೆರೆದು, ಆ್ಯಪ್ಸ್ ವಿಭಾಗದ ಇನ್‌ಸ್ಟಾಲ್ಡ್ ಆ್ಯಪ್ಸ್ ಪಟ್ಟಿಯಲ್ಲಿ ಕೋಪೈಲಟ್ ಹುಡುಕಿ ತೆಗೆದುಹಾಕಬಹುದು. ನೋಟ್‌ಪ್ಯಾಡಿನ ಈ ಸೌಲಭ್ಯವನ್ನು ಅದರದೇ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಬಹುದು. ರೀಕಾಲ್ ಇರುವ ಯಂತ್ರದಲ್ಲಿ ಪ್ರೈವಸಿ ಅಂಡ್ ಸೆಕ್ಯುರಿಟಿ ವಿಭಾಗದ ರೀಕಾಲ್ ಅಂಡ್ ಸ್ನ್ಯಾಪ್‌ಶಾಟ್ಸ್ ಎಂಬಲ್ಲಿ ಚಿತ್ರ ಉಳಿಸುವುದನ್ನು ನಿಲ್ಲಿಸಿ, ಹಿಂದೆ ಉಳಿದವನ್ನೂ ಅಳಿಸಬೇಕು. ದೊಡ್ಡ ಅಪ್‌ಡೇಟ್ ಆದಾಗಲೊಮ್ಮೆ ಮತ್ತೆ ನೋಡಿಕೊಳ್ಳುವುದು ಲೇಸು. ತಿಳಿಯದಿದ್ದರೆ ಮನೆಯ ಮಕ್ಕಳನ್ನು ಕೇಳಲು ಸಂಕೋಚ ಬೇಡ.

ದಾಸೋಹದ ಪಂಕ್ತಿಯಲ್ಲಿ ಬಡಿಸುವವರು ಎಷ್ಟೇ ಪ್ರೀತಿಯಿಂದ ಬಂದರೂ, 'ಸಾಕು' ಎಂದು ಕೈ ಅಡ್ಡ ಹಿಡಿದರೆ ನಿಲ್ಲುತ್ತಾರೆ. ಯಂತ್ರ ಮಾಡುವ ಕಂಪನಿಗಳಿಗೂ ಈ ಮರ್ಯಾದೆ ಇರಬೇಕು: ಮೊದಲು ಕೇಳಬೇಕು, ಬಳಿಕ ಬಡಿಸಬೇಕು. ಆ ಮರ್ಯಾದೆ ಬರುವವರೆಗೆ ಕೈ ಅಡ್ಡ ಹಿಡಿಯುವ ಕೆಲಸ ನಮ್ಮದೇ. ವಿಶೇಷವಾಗಿ ವೈದ್ಯರು, ಔಷಧ ಅಂಗಡಿಯವರು, ಪ್ರಯೋಗಾಲಯದವರು ಈ ವಾರವೇ ತಮ್ಮ ಯಂತ್ರಗಳನ್ನು ಪರೀಕ್ಷಿಸಿಕೊಳ್ಳಬೇಕೆಂಬುದು ಸದ್ಭಕ್ತರಲ್ಲಿ ನಮ್ಮ ವಿನಂತಿ.