ಚಿತ್ತಸ್ವರಾಜ್ಯ

ಪರರ ಆಳ್ವಿಕೆಯು ತೊಲಗಿದ ಮಾತ್ರಕ್ಕೆ ಸ್ವರಾಜ್ಯವು ಪೂರ್ಣವಾಗುವುದಿಲ್ಲ. ತನ್ನನ್ನು ತಾನು ಆಳಿಕೊಳ್ಳಬಲ್ಲವನೇ ಅದಕ್ಕೆ ಅರ್ಹನೆಂದು ನಮ್ಮ ಹಿರಿಯರು ಸಾರಿದರು. ಈ ಮಾತನ್ನು ಇಂದು ಮರಳಿ ನೆನೆಯಬೇಕಾಗಿ ಬಂದಿದೆ. ಪಟ್ಟಣದಲ್ಲಿಯೂ ಹಳ್ಳಿಯಲ್ಲಿಯೂ ಮೊಬೈಲು ಫೋನಿಲ್ಲದ ಮನೆ ವಿರಳ. ಬೆಳಗಾದೊಡನೆ ದೇವರ ಮುಖವನ್ನಾಗಲಿ ಮಕ್ಕಳ ಮುಖವನ್ನಾಗಲಿ ನೋಡುವ ಮೊದಲೇ ಅದರ ಗಾಜಿನ ಮುಖವನ್ನು ನೋಡುವುದು ಅನೇಕರಿಗೆ ಅಭ್ಯಾಸವಾಗಿದೆ. ಊಟದ ಎಲೆಯ ಮುಂದೆಯೂ ಅದೇ, ಹಾಸಿಗೆಯ ಮೇಲೂ ಅದೇ.

ಈ ಯಂತ್ರವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ರೈತನಿಗೆ ಪೇಟೆಯ ಧಾರಣೆಯನ್ನೂ, ತಾಯಿಗೆ ದೂರದೇಶದಲ್ಲಿ ದುಡಿಯುವ ಮಗನ ದನಿಯನ್ನೂ ತಂದುಕೊಡುವ ಸಾಧನವು ಉಪಕಾರಿಯೇ ಸರಿ. ಆದರೆ ಆಳು ಒಡೆಯನಾಗಿ ಒಡೆಯನು ಆಳಾದರೆ ಅದನ್ನು ಉಪಕಾರವೆನ್ನಲಾದೀತೆ?

ಈ ವ್ಯಾಮೋಹವು ಕೇವಲ ಜನರ ದೌರ್ಬಲ್ಯದಿಂದ ಹುಟ್ಟಿದುದಲ್ಲ. ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ಯೂಟ್ಯೂಬು ಮೊದಲಾದವುಗಳ ಆದಾಯವು ಬಹುಮಟ್ಟಿಗೆ ಜಾಹೀರಾತಿನದು. ನೋಡುವವನು ಹೆಚ್ಚು ಹೊತ್ತು ಕುಳಿತಷ್ಟೂ ಅವುಗಳಿಗೆ ಹೆಚ್ಚು ಲಾಭ. ದಿನಪತ್ರಿಕೆಗೆ ಕೊನೆಯ ಪುಟವೊಂದುಂಟು, ಹರಿಕಥೆಗೆ ಮಂಗಳವುಂಟು. ಇವುಗಳಿಗೆ ಮುಕ್ತಾಯವೇ ಇಲ್ಲ. ಬೆರಳು ಸರಿಸಿದಷ್ಟೂ ಹೊಸ ಸರಕು ಒದಗುವ ಈ ಏರ್ಪಾಡನ್ನು ೨೦೦೬ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಎಂಬ ಅಮೆರಿಕೆಯ ವಿನ್ಯಾಸಕಾರರೇ ಮುಂದೆ ಅದಕ್ಕಾಗಿ ಬಹಿರಂಗವಾಗಿ ವಿಷಾದಪಟ್ಟರು. ದಾದಾಭಾಯಿ ನವರೋಜಿಯವರು ದೇಶದ ಸಂಪತ್ತು ಹೊರಕ್ಕೆ ಸೋರಿಹೋಗುವುದನ್ನು ಲೆಕ್ಕಹಾಕಿ ತೋರಿಸಿದರು. ಇಂದು ಸೋರುತ್ತಿರುವುದು ನಮ್ಮ ತರುಣರ ಅವಧಾನ. ಅವಧಾನವನ್ನೊಂದು ಕಲೆಯಾಗಿ ಬೆಳೆಸಿ, ಶತಾವಧಾನಿಗಳನ್ನು ಗೌರವಿಸಿದ ನಾಡಿಗೆ ಇದು ಅಲ್ಪ ನಷ್ಟವಲ್ಲ.

ನಷ್ಟವು ಕಾಲದ್ದು ಮಾತ್ರವೇ ಆಗಿದ್ದರೆ ನಾವು ಇಷ್ಟು ಬರೆಯುತ್ತಿರಲಿಲ್ಲ. ಸಮಾಚಾರದ ಪ್ರವಾಹದಲ್ಲಿ ಸತ್ಯಾಸತ್ಯಗಳನ್ನು ವಿವೇಚಿಸಲು ಮನಸ್ಸಿಗೆ ಬಿಡುವೇ ಇರದು. ೨೦೧೮ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆಂಬ ಸುಳ್ಳು ವಾಟ್ಸಾಪು ಸಂದೇಶಗಳನ್ನು ನಂಬಿದ ಗುಂಪುಗಳು ಬೆಂಗಳೂರಿನಲ್ಲಿಯೂ ಬೀದರ ಜಿಲ್ಲೆಯಲ್ಲಿಯೂ ನಿರಪರಾಧಿಗಳನ್ನು ಹೊಡೆದು ಕೊಂದುವು. ಆ ವರ್ಷವೇ ವಾಟ್ಸಾಪು ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಾಗಿ ಸಾಗಿಸಲಾಗದಂತೆ ಮಿತಿ ಹಾಕಿತು. ಆದರೆ ಬೆರಳಿಗೆ ಹಾಕಿದ ಮಿತಿಯು ಮನಸ್ಸಿಗೆ ಹಾಕಿದ ಮಿತಿಯಾಗದು.

ಹಾಗಾದರೆ ಉಪಾಯವೇನು? ನೆರೆಯ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವವೆಂಬ ಹಳ್ಳಿಯು ದಾರಿ ತೋರಿದೆ. ಕೋವಿಡ್ ಕಾಲದಲ್ಲಿ ಪಾಠಕ್ಕೆಂದು ಕೈಗೆ ಬಂದ ಫೋನನ್ನು ಮಕ್ಕಳು ಬಿಡಲೊಲ್ಲರೆಂದು ಕಂಡು, ಆ ಊರಿನವರು ೨೦೨೨ರ ಆಗಸ್ಟಿನಲ್ಲಿ ಒಂದು ಕಟ್ಟಳೆ ಮಾಡಿಕೊಂಡರು. ಸಂಜೆ ೭ ಗಂಟೆಗೆ ಸೈರನ್ನು ಮೊಳಗುವುದು, ಮನೆಮನೆಯ ಟಿ.ವಿ.ಯೂ ಮೊಬೈಲೂ ಬಂದಾಗುವುವು. ೮-೩೦ಕ್ಕೆ ಮತ್ತೆ ಮೊಳಗುವವರೆಗೆ ಮಕ್ಕಳಿಗೆ ಓದು, ದೊಡ್ಡವರಿಗೆ ಮಾತುಕತೆ. ಇದರಲ್ಲಿ ಮುಖ್ಯವಾದುದು ಸೈರನ್ನಲ್ಲ, ಎಲ್ಲರೂ ಕೂಡಿ ಮಾಡಿದ ಸಂಕಲ್ಪ. ನೆರೆಮನೆಯಲ್ಲಿ ಟಿ.ವಿ. ಮೊರೆಯುತ್ತಿರುವಾಗ ಒಂಟಿಯಾಗಿ ವ್ರತ ಹಿಡಿಯುವುದು ಕಷ್ಟ. ಊರೇ ಹಿಡಿದರೆ ಅದು ಹಬ್ಬವಾಗುತ್ತದೆ.

ಉದ್ಯೋಗದಾತರ ಹೊಣೆಯೂ ಉಂಟು. ಫ್ರಾನ್ಸಿನಲ್ಲಿ ೨೦೧೭ರಿಂದ ಜಾರಿಗೆ ಬಂದ ಶಾಸನವು, ಕೆಲಸದ ವೇಳೆ ಮುಗಿದ ಬಳಿಕ ಸಂದೇಶಗಳಿಗೆ ಉತ್ತರಿಸದಿರುವ ಹಕ್ಕನ್ನು ಮಾನ್ಯಮಾಡಿತು. ಇಂತಹುದೇ ಖಾಸಗಿ ವಿಧೇಯಕವೊಂದು ನಮ್ಮ ಲೋಕಸಭೆಯಲ್ಲಿ ೨೦೧೮ರಲ್ಲಿ ಮಂಡಿತವಾದರೂ ಶಾಸನವಾಗಲಿಲ್ಲ. ಶಾಸನಕ್ಕಾಗಿ ಕಾಯದೆ, ಸರಕಾರದ ಕಚೇರಿಗಳೂ ಖಾಸಗಿ ಕಂಪೆನಿಗಳೂ ರಾತ್ರಿಯ ಹೊತ್ತು ನೌಕರರಿಗೆ ಅಪ್ಪಣೆಗಳನ್ನು ಕಳುಹಿಸದಿರುವ ಮರ್ಯಾದೆಯನ್ನು ಪಾಲಿಸಬಹುದಷ್ಟೆ. ವ್ಯಸನವು ಮಿತಿಮೀರಿದವರಿಗೆ ಚಿಕಿತ್ಸೆ ನೀಡಲು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೨೦೧೪ರಲ್ಲಿಯೇ ಪ್ರತ್ಯೇಕ ಶಾಖೆಯೊಂದನ್ನು ತೆರೆಯಿತು. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ದೇಶದ ಭಾರವನ್ನೆಲ್ಲ ಹೊತ್ತಿದ್ದ ಮಹಾತ್ಮರು ಪ್ರತಿ ಸೋಮವಾರ ಮೌನವನ್ನಾಚರಿಸಿದರು. ಅಗತ್ಯವಿದ್ದುದನ್ನು ಚೀಟಿಯಲ್ಲಿ ಬರೆದುಕೊಟ್ಟರು. ಅದರಿಂದ ದೇಶದ ಕಾರ್ಯವು ಕೆಡಲಿಲ್ಲ. ಅವರಿಗೆ ವಾರಕ್ಕೊಂದು ದಿನ ಸಾಧ್ಯವಾದುದು ನಮಗೆ ದಿನಕ್ಕೆ ಒಂದೂವರೆ ಗಂಟೆ ಸಾಧ್ಯವಾಗದೆ? ಕನ್ನಡನಾಡಿನ ಗ್ರಾಮಸಭೆಗಳು ತಮ್ಮ ಮುಂದಿನ ಕೂಟದಲ್ಲಿ ಈ ವಿಷಯವನ್ನೆತ್ತಿಕೊಳ್ಳಲಿ; ಹಿರಿಯರು ಮಕ್ಕಳಿಗೆ ಬುದ್ಧಿ ಹೇಳುವುದಕ್ಕಿಂತ ಮೊದಲು ತಮ್ಮ ಕೈಯಲ್ಲಿರುವುದನ್ನು ಕೆಳಗಿಡಲಿ. ವಿಲಾಯಿತಿ ಬಟ್ಟೆಯನ್ನು ತೊರೆದ ಜನಕ್ಕೆ ಇದು ದೊಡ್ಡ ತ್ಯಾಗವೇನೂ ಅಲ್ಲ.