ಸಹಿಯಲ್ಲಿ ಉಳಿದ ಒಂದಕ್ಷರ

ಹಿಮಾಲಯದಲ್ಲಿ ಒಂದು ಸೂರಕ್ಕಿಯಿದೆ. ಗಂಡಿನ ನೆತ್ತಿ ಮತ್ತು ಬಾಲ ಹೊಳೆಯುವ ನೀಲಿ, ಬೆನ್ನು ಕಡುಗೆಂಪು, ಹೊಟ್ಟೆ ಹಳದಿ. ನಮ್ಮ ಹಿತ್ತಿಲ ದಾಸವಾಳಕ್ಕೆ ಬರುವ ಸೂರಕ್ಕಿಗಳ ನೆಂಟ. ಕೈಪಿಡಿಯಲ್ಲಿ ಅದರ ಇಂಗ್ಲಿಷ್ ಹೆಸರು ಕಂಡಾಗಲೆಲ್ಲ ನಾನು ಒಂದು ಕ್ಷಣ ತಡೆಯುತ್ತೇನೆ: ಮಿಸೆಸ್ ಗೂಲ್ಡ್ಸ್ ಸನ್‌ಬರ್ಡ್. ಜರ್ಡನ್, ಟಿಕೆಲ್, ಹಾಡ್ಜ್‌ಸನ್, ಬ್ಲಿತ್ ಎಂದು ಗಂಡಸರ ಹೆಸರು ಹೊತ್ತ ಹಕ್ಕಿಗಳು ಅದೇ ಪುಸ್ತಕದಲ್ಲಿ ಇವೆ. ಅವರಾರಿಗೂ ‘ಮಿಸ್ಟರ್’ ಅಂಟಿಕೊಂಡಿಲ್ಲ. ಈಕೆಗೆ ಮಾತ್ರ ಗಂಡನ ಮನೆಯ ಹೆಸರು, ಅದರ ಮುಂದೊಂದು ‘ಮಿಸೆಸ್’.

ಆಕೆ ಎಲಿಜಬೆತ್ ಕಾಕ್ಸೆನ್. 1804ರಲ್ಲಿ ಇಂಗ್ಲೆಂಡಿನ ರಾಮ್ಸ್‌ಗೇಟ್‌ನಲ್ಲಿ ಜನಿಸಿ, ಲಂಡನ್ನಿನ ಮನೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು 1829ರಲ್ಲಿ ಜಾನ್ ಗೂಲ್ಡ್‌ನನ್ನು ಮದುವೆಯಾದಳು. ಆತ ಜೂವಲಾಜಿಕಲ್ ಸೊಸೈಟಿಯ ಸಂಗ್ರಹಾಲಯದಲ್ಲಿ ಸತ್ತ ಪ್ರಾಣಿಪಕ್ಷಿಗಳ ಚರ್ಮಕ್ಕೆ ಒಟ್ಟು ತುಂಬಿ ಕಾಪಿಡುವ ಕುಶಲಿ. ಮರುವರ್ಷ ಹಿಮಾಲಯದ ಹಕ್ಕಿಗಳ ಚರ್ಮಗಳು ಕೈಗೆ ಬಂದಾಗ ಅವನ ವ್ಯಾಪಾರಬುದ್ಧಿ ಅದರಲ್ಲೊಂದು ಪುಸ್ತಕವನ್ನು ಕಂಡಿತು. ಆದರೆ ಅವನ ಕೈಯಲ್ಲಿ ಮೂಡುತ್ತಿದ್ದುದು ಕರಡು ರೇಖೆ ಮಾತ್ರ. ಚಿತ್ರ ಮುಗಿಸುವ ಕೆಲಸ ಎಲಿಜಬೆತ್ ಪಾಲಿಗೆ ಬಂತು. ಅದಕ್ಕಾಗಿ ಆಕೆ ಕಲ್ಲಚ್ಚಿನ ವಿದ್ಯೆಯನ್ನೇ ಕಲಿತಳು.

ಕಲ್ಲಚ್ಚು ತಾಳ್ಮೆ ಬೇಡುವ ಕೆಲಸ. ನುಣುಪಾದ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆಯಬೇಕು; ಅಚ್ಚಿನಲ್ಲಿ ಎಡ ಬಲವಾಗುವುದರಿಂದ ಎಲ್ಲವನ್ನೂ ತಿರುಗುಮುರುಗಾಗಿ ಯೋಚಿಸಬೇಕು. ಬಣ್ಣವನ್ನು ಆಮೇಲೆ ಪ್ರತಿಯೊಂದು ಹಾಳೆಗೂ ಕೈಯಿಂದಲೇ ತುಂಬುತ್ತಿದ್ದರು. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ಒಣಗಿದ ಚರ್ಮದಲ್ಲಿ ಗರಿಯ ಬಣ್ಣ ಉಳಿಯಬಹುದು, ಕಣ್ಣು ಉಳಿಯುವುದಿಲ್ಲ. ಕಾಲಿನ, ಕೊಕ್ಕಿನ ಬಣ್ಣ ಮಾಸುತ್ತದೆ. ಕೂರುವ ಭಂಗಿಯಂತೂ ಇಲ್ಲವೇ ಇಲ್ಲ. ಹಿಮಾಲಯವನ್ನು ಕಾಣದ ಹೆಣ್ಣುಮಗಳು ಅಲ್ಲಿನ ಹಕ್ಕಿಗಳನ್ನು ಹೀಗೆ 80 ಫಲಕಗಳಲ್ಲಿ ಮತ್ತೆ ಕೂರಿಸಿದಳು. ವಿವರಣೆ ಬರೆದವನು ನಿಕೊಲಸ್ ವಿಗರ್ಸ್. 1831ರಲ್ಲಿ ಆ ಸೂರಕ್ಕಿಗೆ ‘ಗೂಲ್ಡಿಯೇ’ ಎಂದು ಹೆಸರಿಟ್ಟವನೂ ಅವನೇ. ಲ್ಯಾಟಿನ್ ವ್ಯಾಕರಣದಲ್ಲಿ ಅದು ಸ್ತ್ರೀಲಿಂಗ. (ವಿಗರ್ಸ್‌ನ ಹೆಸರು ಮರುವರ್ಷ ನಮ್ಮ ಪಶ್ಚಿಮಘಟ್ಟದ ಇನ್ನೊಂದು ಸೂರಕ್ಕಿಗೆ ಸಂದಿತು, ಅದನ್ನು ಇಟ್ಟವನು ಕರ್ನಲ್ ಸೈಕ್ಸ್.)

ನನ್ನ ಕುತೂಹಲವಿರುವುದು ಫಲಕಗಳ ಕೆಳಗಿನ ಸಹಿಯ ಬಗ್ಗೆ. ಹಿಮಾಲಯದ ಪುಸ್ತಕದಲ್ಲಿ ಚಿತ್ರ ಬರೆದವರು ‘ಇ. ಗೂಲ್ಡ್’ ಎಂದು ಸ್ಪಷ್ಟವಾಗಿದೆ. ಅದರ ಬೆನ್ನಿಗೇ ಬಂದ ಯೂರೋಪಿನ ಹಕ್ಕಿಗಳ ಸಂಪುಟಗಳಲ್ಲಿ ಅದು ‘ಜೆ. ಅಂಡ್ ಇ. ಗೂಲ್ಡ್’ ಆಯಿತು. ಹೆಂಡತಿಯ ಅಕ್ಷರ ಎರಡನೆಯ ಸ್ಥಾನಕ್ಕೆ ಸರಿಯಿತು. ಗಂಡನ ಪಾಲು ಸುಳ್ಳೆಂದು ನಾನು ಹೇಳಲಾರೆ. ಕರಡು ಅವನದು, ಹಕ್ಕಿಯ ತಿಳಿವಳಿಕೆ ಅವನದು. ಆದರೆ ಮುಖಪುಟದಲ್ಲಿ ಆಕೆಯ ಅಕ್ಷರಕ್ಕೆ ಜಾಗವೇ ಸಿಗಲಿಲ್ಲ. ಬೀಗಲ್ ಯಾನದ ಹಕ್ಕಿಗಳನ್ನು ಕುರಿತ ಸಂಪುಟದ 50 ಫಲಕಗಳನ್ನು, ಗಲಾಪಗಸ್ ದ್ವೀಪಗಳ ಆ ಹೆಸರಾಂತ ಫಿಂಚ್‌ಗಳನ್ನೂ ಸೇರಿಸಿ, ಕಲ್ಲಿಗೆ ಇಳಿಸಿದವಳು ಆಕೆಯೇ. ಡಾರ್ವಿನ್ ಅದನ್ನು ಮೆಚ್ಚಿ ಮುಂಬರಹದಲ್ಲಿ ದಾಖಲಿಸಿದ. ಆತನಿಗಿದ್ದ ಸೌಜನ್ಯ ಪಠ್ಯಪುಸ್ತಕಗಳಿಗೆ ಬರಲಿಲ್ಲ.

1838ರಲ್ಲಿ ಮೂವರು ಕಿರಿಯ ಮಕ್ಕಳನ್ನು ತಾಯಿಯ ಬಳಿ ಬಿಟ್ಟು, ಹಿರಿಯ ಮಗನನ್ನು ಕರೆದುಕೊಂಡು ಆಕೆ ಗಂಡನೊಡನೆ ಆಸ್ಟ್ರೇಲಿಯಾಕ್ಕೆ ಹಡಗು ಹತ್ತಿದಳು. ಅಲ್ಲಿ ಮೊದಲ ಸಲ ಜೀವಂತ ಹಕ್ಕಿ, ಅವು ಕೂರುವ ಗಿಡಗಳು ಕಣ್ಣೆದುರಿಗೆ. ಹೋಬಾರ್ಟ್‌ನಲ್ಲಿ ಬಾಣಂತಿಯೂ ಆದಳು. 1840ರಲ್ಲಿ ಮರಳಿದಳು; 1841ರ ಆಗಸ್ಟ್‌ನಲ್ಲಿ ಎಂಟನೆಯ ಹೆರಿಗೆಯ ಬೆನ್ನಿಗೇ ತೀರಿಕೊಂಡಳು. ವಯಸ್ಸು 37. ಹನ್ನೆರಡು ವರ್ಷಗಳ ದಾಂಪತ್ಯದಲ್ಲಿ ಎಂಟು ಹೆರಿಗೆ ಮತ್ತು 600ಕ್ಕೂ ಹೆಚ್ಚು ಫಲಕ. ಆಸ್ಟ್ರೇಲಿಯಾದ ಮಹಾಸಂಪುಟಗಳಿಗೆ ಆಕೆ ಬರೆದದ್ದು 84. ಉಳಿದುದನ್ನು ಗೂಲ್ಡ್ ಬೇರೊಬ್ಬ ಚಿತ್ರಕಾರನಿಂದ ಬರೆಸಿದ.

ಈ ಅನ್ಯಾಯ ಹೆಂಗಸರಿಗಷ್ಟೇ ಆದದ್ದಲ್ಲ. ಹಕ್ಕಿಯನ್ನು ನಾವು ಗುರುತಿಸುವುದು ಚಿತ್ರ ನೋಡಿ. ಪುಸ್ತಕವನ್ನು ಗುರುತಿಸುವುದು ಲೇಖಕನ ಹೆಸರಿನಿಂದ. 1983ರ ಸಚಿತ್ರ ಕೈಪಿಡಿಯನ್ನು ಎಲ್ಲರೂ ‘ಸಲೀಂ ಅಲಿ–ರಿಪ್ಲೆ’ ಎನ್ನುತ್ತೇವೆ. ಅದರ ಚಿತ್ರಗಳನ್ನು ಬರೆದ ಜಾನ್ ಹೆನ್ರಿ ಡಿಕ್ ಎಷ್ಟು ಮಂದಿಗೆ ಗೊತ್ತು? ನನಗೂ ಬಹಳ ವರ್ಷ ಗೊತ್ತಿರಲಿಲ್ಲ.

ಹಕ್ಕಿಗಳಿಗೆ ಮನುಷ್ಯರ ಹೆಸರು ಬೇಡವೆಂಬ ಮಾತು ಈಗ ಗಟ್ಟಿಯಾಗುತ್ತಿದೆ. ತನ್ನ ವ್ಯಾಪ್ತಿಯ ಹಕ್ಕಿಗಳ ಅಂಥ ಇಂಗ್ಲಿಷ್ ಹೆಸರುಗಳನ್ನು ಬದಲಿಸುವುದಾಗಿ ಅಮೆರಿಕದ ಪಕ್ಷಿವಿಜ್ಞಾನ ಸಂಘ 2023ರ ನವೆಂಬರಿನಲ್ಲಿ ಪ್ರಕಟಿಸಿತು. ಮರಕುಟಿಗ ಎಂದು ಮಾಡುವ ಕೆಲಸ ನೋಡಿಯೇ ಹೆಸರಿಟ್ಟ ಕನ್ನಡಿಗನಿಗೆ ಅದರಲ್ಲಿ ತಕರಾರಿರಲಾರದು. ಆದರೂ ಹಿಮಾಲಯದ ಸೂರಕ್ಕಿಯ ಸರದಿ ಎಂದಾದರೂ ಬಂದರೆ, ನಾನು ಉಳಿಸಿಕೊಳ್ಳುವ ಪಕ್ಷದವನು. ಉಳಿದವರಿಗೆ ಪುಸ್ತಕಗಳಿವೆ, ಸಂಘಗಳಿವೆ, ಶಿಲಾಪ್ರತಿಮೆಗಳಿವೆ. ಈಕೆಗಿರುವ ಸ್ಮಾರಕಗಳಲ್ಲಿ ದೊಡ್ಡದು ಎರಡು ಹಕ್ಕಿ. ಬೇಕಾದರೆ ‘ಮಿಸೆಸ್’ ತೆಗೆದು ಎಲಿಜಬೆತ್ ಎಂದು ಬರೆಯಲಿ.

ಎರಡನೆಯದು ಆಸ್ಟ್ರೇಲಿಯಾದ ಬಣ್ಣಬಣ್ಣದ ಫಿಂಚ್. ಹೆಂಡತಿ ಸತ್ತ ಮೂರು ವರ್ಷಕ್ಕೆ, 1844ರಲ್ಲಿ, ಗೂಲ್ಡ್ ಅದಕ್ಕೆ ಆಕೆಯ ನೆನಪಿನಲ್ಲಿ ಮತ್ತೆ ‘ಗೂಲ್ಡಿಯೇ’ ಎಂದೇ ಹೆಸರಿಟ್ಟ. ಪಂಜರದ ಹಕ್ಕಿ ಸಾಕುವವರು ಅದನ್ನು ‘ಲೇಡಿ ಗೂಲ್ಡಿಯನ್’ ಎನ್ನುವುದುಂಟು. ಗೂಲ್ಡ್ ಸರ್ ಆಗಿರಲಿಲ್ಲ, ಆಕೆ ಲೇಡಿಯೂ ಆಗಿರಲಿಲ್ಲ. ಎಲಿಜಬೆತ್ ಎಂಬುದು ಆ ಹೆಸರಿನಲ್ಲೂ ಇಲ್ಲ.