ಬಸ್ಸು ಹೊರಡುವ ಮೊದಲು

ಸಂಘದ ಕನ್ನಡ ತರಗತಿಯ ಮಕ್ಕಳನ್ನು ಒಂದು ದಿನ ಮ್ಯೂಸಿಯಂಗೆ ಕರೆದುಕೊಂಡು ಹೋಗಬೇಕು ಎಂಬ ಮಾತು ಈ ವರ್ಷವೂ ಬಂದಿದೆ. ಬಸ್ಸು ಯಾರದು, ಊಟ ಎಲ್ಲಿಂದ, ಬ್ಯಾನರ್ ಎಷ್ಟು ದೊಡ್ಡದು ಎಂಬುದನ್ನು ಕಾರ್ಯಕಾರಿ ಸಮಿತಿ ನೋಡಿಕೊಳ್ಳುತ್ತದೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ: ಯಾವ ಮಗು ಬರಲಾರದು, ಏಕೆ ಬರಲಾರದು? ಈ ಸಲದ ಅಂಕಣದಲ್ಲಿ ಅದಕ್ಕಾಗಿ ನಾವು ಸ್ವಲ್ಪ ದೂರ ಹೋಗಿ ಬರೋಣ.

ಅಮೆರಿಕದ ಸ್ಯಾನ್ ಪೀಡ್ರೊ ಒಂದು ಬಂದರು ಊರು. 1909ರಲ್ಲಿ ಲಾಸ್ ಏಂಜಲೀಸ್ ನಗರಕ್ಕೆ ಸೇರಿತು. ಮಂಗಳೂರು, ಮಲ್ಪೆಯಿಂದ ಬಂದವರಿಗೆ ಅಲ್ಲಿಯ ಬದುಕು ಅಪರಿಚಿತವಲ್ಲ: ಮೀನು, ಹಡಗು, ಕ್ರೇನು, ಪಾಳಿಯ ಕೆಲಸ. ಅಲ್ಲಿ ನೀರಿನ ಅಂಚಿಗೆ 1941ರಲ್ಲಿ ಕಟ್ಟಿದ ಫೆರಿ ನಿಲ್ದಾಣವಿದೆ. ಎದುರಿನ ಟರ್ಮಿನಲ್ ಐಲ್ಯಾಂಡಿನಲ್ಲಿದ್ದ ಮೀನಿನ ಡಬ್ಬಿ ಕಾರ್ಖಾನೆಗಳಿಗೂ ಹಡಗು ಕಟ್ಟುವ ಅಂಗಳಗಳಿಗೂ ಕೆಲಸಗಾರರು ಇಲ್ಲಿಂದ ದಾಟುತ್ತಿದ್ದರು. 1963ರಲ್ಲಿ ವಿನ್ಸೆಂಟ್ ಥಾಮಸ್ ಸೇತುವೆ ಬಂತು, ಫೆರಿ ನಿಂತಿತು. ಈಗ ಆ ಕಟ್ಟಡವೇ ಲಾಸ್ ಏಂಜಲೀಸ್ ಮ್ಯಾರಿಟೈಮ್ ಮ್ಯೂಸಿಯಂ. ದುಡಿಯುವವರು ದಿನಾ ಹತ್ತಿಳಿದ ಜಾಗವನ್ನೇ ಮಕ್ಕಳಿಗೆ ಚರಿತ್ರೆ ಎಂದು ತೋರಿಸುತ್ತಾರೆ.

ಆ ದ್ವೀಪದಲ್ಲಿ ಸುಮಾರು 3,000 ಜನರ ಜಪಾನಿ ಮೀನುಗಾರರ ಊರೊಂದಿತ್ತು. ಯುದ್ಧ ಬಂದಾಗ, 1942ರ ಫೆಬ್ರವರಿಯಲ್ಲಿ, 48 ಗಂಟೆಯೊಳಗೆ ಮನೆ ಬಿಡಿ ಎಂದು ನೌಕಾಪಡೆ ಹೇಳಿತು. ಮನೆ, ಅಂಗಡಿ, ಬಲೆ ಎಲ್ಲ ಹೋಯಿತು. 2002ರಲ್ಲಿ ಅಲ್ಲೊಂದು ಸ್ಮಾರಕ ಎದ್ದಿತು. ಲಾಸ್ ಏಂಜಲೀಸಿನಲ್ಲಿರುವ ಜಪಾನಿ ಅಮೆರಿಕನ್ನರ ರಾಷ್ಟ್ರೀಯ ಮ್ಯೂಸಿಯಂ ಇಂಥ ಕಥೆಗಳನ್ನು ಕಾಪಾಡಿಕೊಂಡು ಬಂದಿದೆ. ಅದರ ವಾರ್ಷಿಕ ಔತಣಕೂಟದಲ್ಲಿ ಬಂದವರಿಂದ ದೇಣಿಗೆ ಎತ್ತಿ, ಬಡ ಶಾಲೆಗಳ ಮಕ್ಕಳ ಬಸ್ಸಿಗೂ ಪ್ರವೇಶಕ್ಕೂ ಖರ್ಚು ಮಾಡುತ್ತಾರೆ. ಪರದೇಶಕ್ಕೆ ದುಡಿಯಲು ಹೋದವರ ಮಕ್ಕಳು, ಮೊಮ್ಮಕ್ಕಳು ಮಾಡಿಕೊಂಡ ವ್ಯವಸ್ಥೆ ಇದು. ನಮ್ಮ ರಾಜ್ಯೋತ್ಸವದ ಊಟದ ದಿನವೂ ಹೀಗೆ ಒಂದು ಡಬ್ಬಿ ಇಡಬಹುದಲ್ಲವೇ?

ಕ್ಯಾಲಿಫೋರ್ನಿಯಾದಲ್ಲಿ ನಾಲ್ಕನೇ ತರಗತಿಯ ಮಕ್ಕಳು ತಮ್ಮ ರಾಜ್ಯದ ಚರಿತ್ರೆ ಓದುತ್ತಾರೆ. ಶಾಲೆಯಿಂದ ಮ್ಯೂಸಿಯಂಗೆ ಕರೆದೊಯ್ಯುವಾಗ ಅಲ್ಲಿಯ ಶಿಕ್ಷಣ ಕಾನೂನು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ದುಡ್ಡಿಲ್ಲ ಎಂಬ ಕಾರಣಕ್ಕೆ ಯಾವ ಮಗುವನ್ನೂ ಬಿಟ್ಟು ಹೋಗುವಂತಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಜೊತೆಯಲ್ಲಿರಲೇಬೇಕು. ಶಾಲೆಯ ಸಿಬ್ಬಂದಿ ಮಗುವಿಗೆ ಮದ್ದು ಕೊಡಬೇಕಾದರೆ ವೈದ್ಯರ ಪತ್ರ ಬೇಕು, ಅದರಲ್ಲಿ ಮದ್ದಿನ ಹೆಸರು, ಪ್ರಮಾಣ, ಕೊಡುವ ವಿಧಾನ, ಸಮಯ ಇರಬೇಕು. ಜೊತೆಗೆ ತಂದೆ ತಾಯಿಯ ಒಪ್ಪಿಗೆ ಪತ್ರವೂ ಬೇಕು. ಅಸ್ತಮಾ ಇರುವ ಮಗು ಇಂಥದೇ ಪತ್ರಗಳಿದ್ದರೆ ಇನ್‌ಹೇಲರನ್ನು ತಾನೇ ಇಟ್ಟುಕೊಳ್ಳಬಹುದು.

ಆಸ್ಪತ್ರೆಯಲ್ಲಿ ಮದ್ದು ಕೊಡುವ ಕೆಲಸದವರಾದ ನಮಗೆ ಈ ಕೊನೆಯ ಭಾಗವೇ ಮುಖ್ಯವಾಗಿ ಕಾಣುತ್ತದೆ. ಅಸ್ತಮಾ, ಸಕ್ಕರೆ ಕಾಯಿಲೆ, ಫಿಟ್ಸ್ ಇರುವ ಮಗುವಿನ ತಾಯಿ "ಬೇಡಪ್ಪ, ಅಲ್ಲಿ ಏನಾದರೂ ಆದರೆ ಯಾರು ನೋಡುತ್ತಾರೆ" ಎಂದು ಮನೆಯಲ್ಲೇ ಉಳಿಸಿಕೊಳ್ಳುತ್ತಾಳೆ. ಆ ಭಯ ಸುಳ್ಳಲ್ಲ, ಆದರೆ ಅದಕ್ಕೆ ದಾರಿಯಿದೆ. ಹೆಸರು ನೋಂದಾಯಿಸುವ ಫಾರಂನಲ್ಲೇ ಕಾಯಿಲೆ, ಮದ್ದು, ಅಲರ್ಜಿ, ತಂದೆ ತಾಯಿಯ ಫೋನ್ ನಂಬರ್ ಬರೆಸಿಕೊಳ್ಳಿ. ಅದರ ಪ್ರತಿ ಒಬ್ಬರ ಕೈಯಲ್ಲಿ ಮಾತ್ರ ಇರಲಿ, ವಾಟ್ಸಪ್ ಗುಂಪಿಗೆ ಹಾಕಬೇಡಿ. ಮದ್ದು ಅದರದೇ ಪ್ಯಾಕೆಟ್ಟಿನಲ್ಲಿ, ಮಗುವಿನ ಹೆಸರಿನೊಂದಿಗೆ ಬರಲಿ. ನಮ್ಮ ಬಿಸಿಲಿನಲ್ಲಿ ನಿಲ್ಲಿಸಿದ ಬಸ್ಸು ಒಲೆಯ ಹಾಗೆ ಕಾಯುತ್ತದೆ. ಇನ್‌ಹೇಲರ್, ಇನ್ಸುಲಿನ್ ಎರಡನ್ನೂ ಅದರೊಳಗೆ ಬಿಟ್ಟು ಇಳಿಯಬೇಡಿ. ಬಸ್ಸಿನಲ್ಲಿ ವಾಂತಿ ಬರುವ ಮಗುವಿಗೆ ವೈದ್ಯರು ಹೇಳಿದ ಮಾತ್ರೆಯನ್ನು ಹೊರಡುವ ಮುಂಚೆಯೇ ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ಟರೆ ಉಪಯೋಗ ಕಡಿಮೆ. ಒಂದು ಮಗುವಿನ ಮದ್ದನ್ನು ಇನ್ನೊಂದಕ್ಕೆ ಕೊಡಬೇಡಿ. ಊರಿಂದ ತಂದ ಕೆಮ್ಮಿನ ಸಿರಪ್ಪನ್ನು ಪೆಟ್ಟಿಗೆಗೆ ಹಾಕಬೇಡಿ. ಕೊಡೀನ್ ಇರುವ ಸಿರಪ್ಪಿಗೆ ಗಲ್ಫ್ ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಮವಿದೆ, ಮಕ್ಕಳಿಗೆ ಅದು ಒಳ್ಳೆಯದೂ ಅಲ್ಲ.

ಇನ್ನು ಎಲ್ಲಿಗೆ ಹೋಗುವುದು? ಬಹರೈನಿನವರಿಗೆ ಮುಹರ್ರಕ್‌ನ ಮುತ್ತಿನ ದಾರಿ ಕಾಲ್ನಡಿಗೆಯ ದೂರ. 2012ರಲ್ಲಿ ಅದು ಯುನೆಸ್ಕೊ ಪಟ್ಟಿಗೆ ಸೇರಿತು. ಎಣ್ಣೆ ಸಿಗುವ ಮೊದಲು ಈ ಕರಾವಳಿಯ ಜನ ಬೇಸಿಗೆಯಿಡೀ ಮುತ್ತಿಗಾಗಿ ಮುಳುಗುತ್ತಿದ್ದರು. ಮುಂಗಡ ಪಡೆದು ಹೋದ ಮುಳುಗುಗಾರ ಸಾಲ ತೀರಿಸಲಾಗದೆ ಮರುವರ್ಷ ಅದೇ ದೋಣಿ ಹತ್ತುತ್ತಿದ್ದ. ಏಜೆಂಟನಿಗೆ ಸಾಲ ಮಾಡಿ ದುಡ್ಡು ಕೊಟ್ಟು ಬಂದ ನಮ್ಮಲ್ಲಿ ಅನೇಕರಿಗೆ ಈ ಕಥೆಗೆ ವಿವರಣೆ ಬೇಡ. ಬೇರೆ ದೇಶಗಳಲ್ಲಿರುವವರ ಹತ್ತಿರದ ಮ್ಯೂಸಿಯಂಗಳಲ್ಲೂ ಮುತ್ತಿನ ಕಾಲದ ದೋಣಿ, ಬುಟ್ಟಿ, ತಕ್ಕಡಿ ನೋಡಲು ಸಿಗುತ್ತವೆ. ಅವುಗಳ ಮುಂದೆ ನಿಂತು ಮಕ್ಕಳಿಗೆ ಮುತ್ತು, ದೋಣಿ, ಸಾಲ, ಬೆವರು ಎಂಬ ನಾಲ್ಕು ಕನ್ನಡ ಪದ ಕಲಿಸಿದರೂ ಆ ದಿನದ ಪಾಠ ಆಯಿತು.

ಇನ್ನೊಂದು ತೊಡಕು ಪಾಳಿಯದು. ಅಪ್ಪ ರಾತ್ರಿ ಪಾಳಿಯಲ್ಲಿದ್ದರೆ ಮಗುವನ್ನು ಬೆಳಿಗ್ಗೆ ಬಸ್ಸಿನ ತನಕ ಬಿಡುವವರಿಲ್ಲ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರೂ ಸಿಗುವುದಿಲ್ಲ. ಆದ್ದರಿಂದ ಪತ್ರ ಎರಡು ವಾರ ಮೊದಲೇ ಮನೆ ಸೇರಲಿ. ಒಂದೇ ಏರಿಯಾದ ಮಕ್ಕಳನ್ನು ಕಾರಿರುವ ಒಬ್ಬ ಅಣ್ಣನೋ ಅಕ್ಕನೋ ಸೇರಿಸಿಕೊಂಡು ಬರಲಿ. ಶುಲ್ಕ ಕೊಡಲಾಗದವರು ಖಜಾಂಚಿಯ ಹತ್ತಿರ ಹೇಳಿದರೆ ಸಾಕು ಎಂದು ಫಾರಂನಲ್ಲೇ ಒಂದು ಸಾಲು ಅಚ್ಚಾಗಲಿ. ಆ ಹೆಸರುಗಳು ಸಭೆಯಲ್ಲಿ ಓದುವುದಕ್ಕಲ್ಲ.

ಮಕ್ಕಳ ಪಟ್ಟಿ ತಯಾರಾದ ಮೇಲೆ ಸಮಿತಿಯವರು ಅದನ್ನು ತರಗತಿಯ ಹಾಜರಿ ಪುಸ್ತಕದ ಪಕ್ಕ ಇಟ್ಟು ನೋಡಬೇಕು. ಪಟ್ಟಿಯಲ್ಲಿಲ್ಲದ ಪ್ರತಿ ಹೆಸರಿನ ಮನೆಗೆ ಒಂದು ಫೋನ್ ಮಾಡಬೇಕು. ಮದ್ದಿನ ಪೆಟ್ಟಿಗೆಯನ್ನು ನಾವು ತರುತ್ತೇವೆ.